ಮಕ್ಕಳ ಶಸ್ತ್ರವೈದ್ಯರು: ಅವರು ಕಲಿತದ್ದೇನು, ಅವರ ಬಳಿಗೆ ಯಾವಾಗ ಹೋಗಬೇಕು?



ಕೊಟ್ಟಿಗೆಯಲ್ಲಿ ಹಸು ಈದರೆ ನೀವು ಏನೇನು ನೋಡುತ್ತೀರಿ? ಕರು ಎದ್ದು ನಿಂತಿತೇ, ಮೊಲೆ ಹಿಡಿಯಿತೇ, ಸಗಣಿ ಹಾಕಿತೇ ಎಂದು ನೋಡುತ್ತೀರಿ. ಇದನ್ನು ಯಾರೂ ನಿಮಗೆ ಹೇಳಿಕೊಡಬೇಕಾಗಿಲ್ಲ. ಅದೇ ಮನೆಯಲ್ಲಿ ಕೂಸು ಹುಟ್ಟಿದಾಗ ಗಂಡೋ ಹೆಣ್ಣೋ, ಬಣ್ಣ ಹೇಗಿದೆ, ಮೂಗು ಯಾರ ಕಡೆಯದು ಎಂದು ಕೇಳುವವರೇ ಬಹಳ. ಕೂಸು ಮಲ ಮಾಡಿತೇ, ಅದರ ಬಣ್ಣ ಯಾವುದು ಎಂದು ಕೇಳುವವರು ವಿರಳ. ಈ ಸಲದ ಪಾಠದಲ್ಲಿ ಇಂಥ ಪ್ರಶ್ನೆಗಳನ್ನು ನಾವೇ ಕೇಳಿಕೊಳ್ಳೋಣ. ಇವುಗಳಿಗೆ ಉತ್ತರ ಸರಿಯಾಗಿ ಬಾರದಿದ್ದರೆ ಯಾರ ಬಳಿಗೆ ಹೋಗಬೇಕೆಂಬುದನ್ನೂ ತಿಳಿದುಕೊಳ್ಳೋಣ. ಅವರ ಹೆಸರು ಮಕ್ಕಳ ಶಸ್ತ್ರವೈದ್ಯರು.

ಮಕ್ಕಳ ಡಾಕ್ಟರು ಎಂದರೆ ಜ್ವರ, ಕೆಮ್ಮು, ಭೇದಿಗಳಿಗೆ ಔಷಧಿ ಕೊಡುವವರು ನಮ್ಮ ನೆನಪಿಗೆ ಬರುತ್ತಾರೆ. ಅವರು ಮಕ್ಕಳ ವೈದ್ಯರು. ಇನ್ನು ಜಿಲ್ಲಾಸ್ಪತ್ರೆಯಲ್ಲಿ ದೊಡ್ಡವರಿಗೆ ಆಪರೇಷನ್ ಮಾಡುವ ಶಸ್ತ್ರವೈದ್ಯರನ್ನೂ ನೀವು ಬಲ್ಲಿರಿ. ಮಕ್ಕಳ ಶಸ್ತ್ರವೈದ್ಯರು ಈ ಇಬ್ಬರಿಗಿಂತ ಬೇರೆ. ಆಗತಾನೆ ಹುಟ್ಟಿದ ಕೂಸಿನಿಂದ ಹಿಡಿದು ಹದಿಹರೆಯದ ಹುಡುಗ ಹುಡುಗಿಯರವರೆಗೆ, ಕತ್ತಿ ಸೂಜಿಗಳಿಂದ ಸರಿಪಡಿಸಬೇಕಾದ ರೋಗಗಳನ್ನು ನೋಡತಕ್ಕವರು ಅವರು. ಇಂಥವರೊಬ್ಬರಿದ್ದಾರೆಂಬುದೇ ತಿಳಿಯದೆ ಎಷ್ಟೋ ತಂದೆತಾಯಿಗಳು ಮಗುವನ್ನು ಎತ್ತಿಕೊಂಡು ನಾಲ್ಕಾರು ಊರು ಸುತ್ತುತ್ತಾರೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಹನ್ನೊಂದೂವರೆ ವರ್ಷದ ಓದು

ಅವರ ಕಲಿಕೆಯ ಲೆಕ್ಕವನ್ನು ಹಾಕಿ ನೋಡೋಣ. ಪಿ.ಯು.ಸಿ. ಮುಗಿದ ಮೇಲೆ ಎಂ.ಬಿ.ಬಿ.ಎಸ್. ಓದು ನಾಲ್ಕೂವರೆ ವರ್ಷ. ಅದರ ಮೇಲೆ ಆಸ್ಪತ್ರೆಯಲ್ಲಿ ದುಡಿಯುತ್ತ ಕಲಿಯುವುದು ಒಂದು ವರ್ಷ. ಅನಂತರ ಪ್ರವೇಶ ಪರೀಕ್ಷೆ ಗೆದ್ದು ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಎಂ.ಎಸ್. ಪದವಿಗೆ ಮೂರು ವರ್ಷ. ಇಷ್ಟಾದರೆ ಅವರು ದೊಡ್ಡವರ ಹೊಟ್ಟೆಯನ್ನು ತೆರೆದು ಹೊಲಿಯಬಲ್ಲ ಶಸ್ತ್ರವೈದ್ಯರಾದರು. ಬಹಳ ಮಂದಿ ಇಲ್ಲಿಗೆ ನಿಲ್ಲುತ್ತಾರೆ. ಮಕ್ಕಳ ಶಸ್ತ್ರವೈದ್ಯರಾಗಬೇಕೆನ್ನುವವರು ಮತ್ತೆ ಪರೀಕ್ಷೆ ಬರೆದು ಎಂ.ಸಿಎಚ್. ಎಂಬ ಪದವಿಗಾಗಿ ಇನ್ನೂ ಮೂರು ವರ್ಷ ಮಕ್ಕಳ ನಡುವೆಯೇ ಹಗಲಿರುಳು ಕಳೆಯಬೇಕು. ಕೂಡಿಸಿದರೆ ಹನ್ನೊಂದೂವರೆ ವರ್ಷವಾಯಿತು. ಎಂ.ಬಿ.ಬಿ.ಎಸ್. ಆದ ಕೂಡಲೆ ನೇರವಾಗಿ ಸೇರಿ ಆರು ವರ್ಷ ಓದುವ ಇನ್ನೊಂದು ದಾರಿಯೂ ಇದೆ. ಅದರ ಪದವಿಗೆ ಡಿ.ಆರ್.ಎನ್.ಬಿ. ಎಂದು ಹೆಸರು. ಯಾವ ದಾರಿಯಲ್ಲಿ ಬಂದರೂ ಮೂವತ್ತರ ಆಸುಪಾಸಿಗೆ ಬರುವ ತನಕ ಅವರು ವಿದ್ಯಾರ್ಥಿಯೇ.

ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವುಂಟು. ಆಸ್ಪತ್ರೆಯ ಬೋರ್ಡಿನಲ್ಲಿ ವೈದ್ಯರ ಹೆಸರಿನ ಮುಂದಿರುವ ಅಕ್ಷರಗಳನ್ನು ನಾವು ಓದುವುದೇ ಇಲ್ಲ. ನಿಮ್ಮ ಮಗುವಿಗೆ ಆಪರೇಷನ್ ಬೇಕೆಂದು ಯಾರಾದರೂ ಹೇಳಿದರೆ, "ಇದಕ್ಕೆ ಮಕ್ಕಳ ಶಸ್ತ್ರವೈದ್ಯರು ಬೇಕೇ ಸ್ವಾಮಿ, ಅವರು ಎಲ್ಲಿ ಸಿಗುತ್ತಾರೆ?" ಎಂದು ಸಂಕೋಚವಿಲ್ಲದೆ ಕೇಳಿರಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ದೊಡ್ಡ ಹುಡುಗನ ಅಪೆಂಡಿಕ್ಸನ್ನು ಜಿಲ್ಲಾಸ್ಪತ್ರೆಯ ಸಾಮಾನ್ಯ ಶಸ್ತ್ರವೈದ್ಯರೇ ಚೆನ್ನಾಗಿ ತೆಗೆಯುತ್ತಾರೆ. ಎರಡು ದಿನದ ಕೂಸಿನ ಕರುಳಿನ ಮಾತು ಹಾಗಲ್ಲ.

ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ, ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಈ ವಿಭಾಗಗಳಿವೆ. ಇತರ ದೊಡ್ಡ ಊರುಗಳ ಕೆಲವು ವೈದ್ಯಕೀಯ ಕಾಲೇಜುಗಳಲ್ಲಿಯೂ ಇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ವೈದ್ಯರು ಸಿಗುವುದು ಅಪರೂಪ. ಆದ್ದರಿಂದ ಗುರುತು ಹಿಡಿಯುವ ಕೆಲಸ ಊರಿನಲ್ಲೇ ಆಗಬೇಕು.

ಮಗು ಎಂದರೆ ಪುಟ್ಟ ಗಾತ್ರದ ದೊಡ್ಡವನಲ್ಲ

ಮೂರು ಕಿಲೋ ತೂಕದ ಕೂಸಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು ಕಾಲು ಲೀಟರು. ನೀವು ನೀರು ಕುಡಿಯುವ ಒಂದು ಲೋಟದಷ್ಟು! ದೊಡ್ಡವರ ಆಪರೇಷನ್ನಿನಲ್ಲಿ ಬಟ್ಟೆಗೆ ಒರೆಸಿ ಹೋಗುವ ಎರಡು ಮೂರು ಚಮಚ ರಕ್ತ ಲೆಕ್ಕಕ್ಕೇ ಇಲ್ಲ. ಕೂಸಿಗೆ ಅದೇ ದೊಡ್ಡ ನಷ್ಟ. ಕೂಸಿನ ಅನ್ನನಾಳ ಹೆಚ್ಚೆಂದರೆ ಒಂದು ಪೆನ್ಸಿಲಿನಷ್ಟು ದಪ್ಪ. ವೈದ್ಯರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲಿನಂಥ ದಾರದಲ್ಲಿ ಅದನ್ನು ಹೊಲಿಯಬೇಕು. ಎಳೆಯ ಮೈ ಬೇಗ ತಣ್ಣಗಾಗಿಬಿಡುತ್ತದೆ. ಅದಕ್ಕಾಗಿ ಆಪರೇಷನ್ ಕೋಣೆಯನ್ನು ಬೆಚ್ಚಗೆ ಮಾಡಿರುತ್ತಾರೆ. ಒಳಗಿರುವ ವೈದ್ಯರೂ ದಾದಿಯರೂ ಬೆವರಿನಲ್ಲಿ ತೊಯ್ದುಹೋಗುತ್ತಾರೆ, ಕೂಸು ಬೆಚ್ಚಗಿದ್ದರೆ ಸರಿ. ಇವೆಲ್ಲಕ್ಕಿಂತ ಮುಖ್ಯವಾದುದೆಂದರೆ, ಎಳೆಯ ಮೈ ಇನ್ನೂ ಬೆಳೆಯುತ್ತಿದೆ. ಇಂದು ಹಾಕಿದ ಹೊಲಿಗೆ ಇಪ್ಪತ್ತು ವರ್ಷದ ಮೇಲೂ ಆ ಮನುಷ್ಯನ ಜೊತೆಗಿರುತ್ತದೆ.

ಈ ವಿದ್ಯೆ ಹೇಗೆ ಬೇರೆಯಾಗಿ ಬೆಳೆಯಿತೆಂಬುದಕ್ಕೆ ಒಂದು ಕಥೆಯುಂಟು. ೧೯೧೭ರ ಡಿಸೆಂಬರ್ ೬ರಂದು ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗೊಂದು ಸಿಡಿದು ಸುಮಾರು ಎರಡು ಸಾವಿರ ಜನ ಸತ್ತರು. ಗಾಯಗೊಂಡವರಲ್ಲಿ ಮಕ್ಕಳು ಬಹಳ. ಅಮೆರಿಕೆಯ ಬಾಸ್ಟನ್ ನಗರದಿಂದ ನೆರವಿಗೆ ಹೋದ ವೈದ್ಯರಲ್ಲಿ ವಿಲಿಯಂ ಲ್ಯಾಡ್ ಎಂಬವರು ಒಬ್ಬರು. ಅಲ್ಲಿ ಕಂಡ ನೋವೇ ಅವರನ್ನು ಮಕ್ಕಳ ಕಡೆಗೆ ತಿರುಗಿಸಿತೆಂದು ಹೇಳುವುದುಂಟು. ಅದು ಎಷ್ಟು ನಿಜವೋ, ಅವರು ಮುಂದೆ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಜೀವಮಾನವನ್ನೆಲ್ಲ ಕಳೆದದ್ದಂತೂ ನಿಜ. ೧೯೪೧ರಲ್ಲಿ ಶಿಷ್ಯ ರಾಬರ್ಟ್ ಗ್ರಾಸ್ ಅವರ ಜೊತೆ ಅವರು ಬರೆದ ಗ್ರಂಥ ಎಷ್ಟೋ ದೇಶಗಳ ಶಸ್ತ್ರವೈದ್ಯರಿಗೆ ಪಾಠಪುಸ್ತಕವಾಯಿತು. ಹುಟ್ಟುವಾಗಲೇ ಕರುಳು ತನ್ನ ಜಾಗದಲ್ಲಿ ಕೂರದೆ ತಿರುಚಿಕೊಳ್ಳುವ ರೋಗಕ್ಕೆ ಅವರು ೧೯೩೬ರಲ್ಲಿ ವಿವರಿಸಿದ ಶಸ್ತ್ರಕ್ರಿಯೆಯನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮ ದೇಶದ ಮಕ್ಕಳ ಶಸ್ತ್ರವೈದ್ಯರು ತಮ್ಮದೇ ಸಂಘ ಕಟ್ಟಿಕೊಂಡದ್ದು ೧೯೬೦ರ ದಶಕದ ನಡುವಿನಲ್ಲಿ.

ಮೊದಲ ಎರಡು ದಿನ

ಈಗ ನಮ್ಮ ಪ್ರಶ್ನೆಗಳಿಗೆ ಬರೋಣ. ತಿಂಗಳು ತುಂಬಿ ಹುಟ್ಟಿದ ಕೂಸು ಸಾಮಾನ್ಯವಾಗಿ ಒಂದು ದಿನದೊಳಗೆ ಕಪ್ಪುಹಸಿರಿನ ಅಂಟಂಟಾದ ಮಲವನ್ನು ಮಾಡುತ್ತದೆ. ಎರಡು ದಿನ ಕಳೆದರೂ ಮಾಡದಿದ್ದರೆ ಒಳಗೆ ಎಲ್ಲೋ ಅಡ್ಡಿ ಇರಬಹುದು. ಜೊತೆಗೆ ಹೊಟ್ಟೆ ಉಬ್ಬಿದ್ದರೆ ಎರಡು ದಿನ ಕಾಯುವುದೂ ಬೇಡ. ಕೆಲವು ಕೂಸುಗಳಲ್ಲಿ ಗುದದ್ವಾರವೇ ತೆರೆದಿರುವುದಿಲ್ಲ, ಅಥವಾ ಇರಬೇಕಾದ ಜಾಗದಲ್ಲಿರುವುದಿಲ್ಲ. ಸುಮಾರು ಐದು ಸಾವಿರ ಹೆರಿಗೆಗಳಿಗೆ ಒಂದರಂತೆ ಇದು ಕಾಣುತ್ತದೆ. ಮಗುವನ್ನು ಮೊದಲ ಸಲ ಒರೆಸುವಾಗಲೇ ಬೆಳಕಿನಲ್ಲಿ ನೋಡಿದರೆ ತಿಳಿದುಬಿಡುತ್ತದೆ. ನೋಡದೆ ಬಟ್ಟೆ ಸುತ್ತಿಟ್ಟರೆ ಮೂರನೆಯ ದಿನ ಹೊಟ್ಟೆ ತಮಟೆಯಂತಾದಾಗ ತಿಳಿಯುತ್ತದೆ.

ಹೆಣ್ಣುಕೂಸಿನಲ್ಲಿ ಇನ್ನೊಂದು ಮೋಸವುಂಟು. ಮಲ ಹೇಗೋ ಒಂದು ಸಣ್ಣ ರಂಧ್ರದಿಂದ, ಮೂತ್ರ ಬರುವ ಕಡೆಯಿಂದಲೇ ಬರುತ್ತಿರುತ್ತದೆ. ಬರುತ್ತಿದೆಯಲ್ಲ ಎಂದು ಮನೆಯವರು ಸುಮ್ಮನಿರುತ್ತಾರೆ. ಅದನ್ನೂ ತೋರಿಸಬೇಕು.

ಇದಕ್ಕೆ ಚಿಕಿತ್ಸೆ ಇದೆ. ಸಣ್ಣ ದೋಷವಾದರೆ ಒಂದೇ ಆಪರೇಷನ್ ಸಾಕಾಗಬಹುದು. ದೊಡ್ಡದಾದರೆ ಮೂರು ಹಂತ. ಮೊದಲು ಹೊಟ್ಟೆಯ ಮೇಲೆ ದಾರಿ ಮಾಡಿ ಮಲವನ್ನು ಅಲ್ಲಿಂದ ಹೊರಬಿಡುತ್ತಾರೆ. ಕೂಸು ಚೇತರಿಸಿಕೊಂಡ ಮೇಲೆ ಸರಿಯಾದ ಜಾಗದಲ್ಲಿ ದ್ವಾರ ಮಾಡುತ್ತಾರೆ. ಕೊನೆಗೆ ಹೊಟ್ಟೆಯ ದಾರಿಯನ್ನು ಮುಚ್ಚುತ್ತಾರೆ. ನಮ್ಮ ರೈತರಿಗೆ ಇದು ಹೊಸದಲ್ಲ. ಕಾಲುವೆಯ ತೂಬು ದುರಸ್ತಿ ಮಾಡುವಾಗ ನೀರನ್ನು ಪಕ್ಕಕ್ಕೆ ತಿರುಗಿಸುವುದಿಲ್ಲವೇ? ಹಾಗೆಯೇ. ಆದರೆ ಮೊದಲ ಹಂತ ಮುಗಿದೊಡನೆ "ಮಗು ಹಾಲು ಕುಡಿಯುತ್ತಿದೆ, ಸಾಕು" ಎಂದು ಮನೆಗೆ ಹೋಗಿ ಮತ್ತೆ ಬಾರದಿರುವ ತಂದೆತಾಯಿಗಳುಂಟು. ಹೊಟ್ಟೆಯ ಮೇಲಿನ ದಾರಿ ತಾತ್ಕಾಲಿಕವಾದದ್ದು. ಆ ಮಗು ನಾಳೆ ಶಾಲೆಗೆ ಹೋಗಬೇಕು, ಇತರ ಮಕ್ಕಳ ಜೊತೆ ಆಡಬೇಕು. ಉಳಿದ ಎರಡು ಹಂತಗಳನ್ನು ಬಿಡಲೇಬೇಡಿರಿ.

ಎರಡನೆಯ ಪ್ರಶ್ನೆ ವಾಂತಿಯದು. ಎಳೆಗೂಸು ಹಾಲು ಕಕ್ಕುವುದು ಸಹಜ. ಆ ಕಕ್ಕು ಹಸಿರಾಗಿದ್ದರೆ ಸಹಜವಲ್ಲ. ಹಸಿರು ಎಂದರೆ ಪಿತ್ತ. ಮುಂದೆ ಹೋಗಬೇಕಾದ ಪಿತ್ತ ಹಿಂದಕ್ಕೆ ಬಂದಿದೆಯೆಂದರೆ ಕರುಳಿನ ದಾರಿ ಕಟ್ಟಿದೆ ಎಂದೇ ಭಾವಿಸಿ ಹೊರಡಬೇಕು. ಲ್ಯಾಡ್ ಅವರ ಹೆಸರಿನ ಆಪರೇಷನ್ ಮೇಲೆ ಹೇಳಿದೆವಲ್ಲ, ಆ ತಿರುಚು ಹೀಗೆಯೇ ಮೊದಲು ತೋರಿಕೊಳ್ಳುತ್ತದೆ. ತಿರುಚಿದ ಕರುಳಿಗೆ ರಕ್ತ ನಿಂತುಹೋದರೆ ಕೆಲವೇ ಗಂಟೆಗಳಲ್ಲಿ ಅದು ಸಾಯುತ್ತದೆ. ರಾತ್ರಿ ಹತ್ತು ಗಂಟೆಗೆ ಹಸಿರು ವಾಂತಿ ಕಂಡರೆ ಬೆಳಗಿನ ಬಸ್ಸಿಗೆ ಕಾಯಬೇಡಿರಿ. ೧೦೮ಕ್ಕೆ ಫೋನು ಮಾಡಿರಿ.

ಮೂರನೆಯದು ಬಾಯಿಯ ನೊರೆ. ಹುಟ್ಟಿದ ಕೂಸಿನ ಬಾಯಿಂದ ಎಷ್ಟು ಒರೆಸಿದರೂ ನೊರೆ ನೊರೆ ಜೊಲ್ಲು ಬರುತ್ತಿದ್ದು, ಹಾಲು ಕೊಟ್ಟೊಡನೆ ಕೆಮ್ಮಿ ಮೈ ನೀಲಿಯಾದರೆ ಅನ್ನನಾಳ ನಡುವೆ ಕಡಿದುಹೋಗಿರಬಹುದು. ಇಂಥ ಕೂಸಿಗೆ ಒಂದು ಹನಿ ಹಾಲನ್ನೂ ನೀರನ್ನೂ ಜೇನನ್ನೂ ಹಾಕಕೂಡದು. ಎಲ್ಲವೂ ಶ್ವಾಸಕೋಶಕ್ಕೆ ಹೋಗುತ್ತದೆ. ತಲೆಯನ್ನು ತುಸು ಎತ್ತರದಲ್ಲಿಟ್ಟುಕೊಂಡು ಒಯ್ಯಿರಿ. ಒಂದು ಕಾಲದಲ್ಲಿ ಈ ದೋಷವಿದ್ದ ಕೂಸುಗಳೆಲ್ಲ ಸಾಯುತ್ತಿದ್ದುವು. ೧೯೪೧ರಲ್ಲಿ ಅಮೆರಿಕೆಯ ಕ್ಯಾಮರಾನ್ ಹೈಟ್ ಎಂಬ ಶಸ್ತ್ರವೈದ್ಯರು ಎರಡು ತುದಿಗಳನ್ನೂ ನೇರವಾಗಿ ಜೋಡಿಸಿ ಕೂಸನ್ನು ಉಳಿಸಿದರು. ಈಗ ಬೇಗ ತಲುಪಿದ, ತೂಕ ಸರಿಯಿರುವ ಕೂಸುಗಳಲ್ಲಿ ಬಹುಪಾಲು ಉಳಿಯುತ್ತವೆ.

ಬೆನ್ನಿನ ಮೇಲೆ ನೀರುಗುಳ್ಳೆಯಂಥ ಗಂಟಿದ್ದರೂ ಕೂಡಲೆ ತೋರಿಸಿರಿ, ಅದರ ಮೇಲೆ ಮಲಗಿಸಬೇಡಿರಿ. ಈ ದೋಷವನ್ನು ಬಹುಮಟ್ಟಿಗೆ ತಡೆಯಬಹುದು. ಹೆಣ್ಣುಮಗಳು ಗರ್ಭಿಣಿಯಾಗುವುದಕ್ಕೆ ಮೊದಲೇ ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಳ್ಳಲು ಆರಂಭಿಸಿರಬೇಕು.

ಬಿಳಿ ಮಲ

ಈ ಪಾಠದಲ್ಲಿ ಒಂದೇ ಒಂದು ಮಾತು ನಿಮ್ಮ ನೆನಪಿನಲ್ಲುಳಿಯುವುದಾದರೆ ಇದು ಉಳಿಯಲಿ.

ಹುಟ್ಟಿದ ಮೂರನೆಯ ನಾಲ್ಕನೆಯ ದಿನ ಕೂಸಿನ ಮೈ ಹಳದಿಯಾಗುವುದು ಬಹಳ ಸಾಮಾನ್ಯ. ಸಾಧಾರಣವಾಗಿ ಎರಡು ವಾರದೊಳಗೆ ಅದು ಇಳಿದುಹೋಗುತ್ತದೆ. ಎರಡು ವಾರ ಕಳೆದರೂ ಕಣ್ಣು ಹಳದಿಯಾಗಿಯೇ ಇದ್ದರೆ ಮಲದ ಬಣ್ಣವನ್ನು ನೋಡಿರಿ. ಎದೆಹಾಲು ಕುಡಿಯುವ ಕೂಸಿನ ಮಲ ಸಾಸಿವೆಯ ಹಾಗೆ ಹಳದಿಯಾಗಿರಬೇಕು. ಅದು ಸುಣ್ಣದಂತೆಯೋ ಬೂದಿಯಂತೆಯೋ ಜೇಡಿಮಣ್ಣಿನಂತೆಯೋ ಬಿಳಿಚಿಕೊಂಡಿದ್ದು, ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸುವಷ್ಟು ದಟ್ಟವಾಗಿದ್ದರೆ, ಪಿತ್ತನಾಳ ಮುಚ್ಚಿಹೋಗಿರಬಹುದು. ಪಿತ್ತ ಕರುಳಿಗೆ ಇಳಿಯದೆ ಲಿವರಿನಲ್ಲೇ ನಿಂತು ಅದನ್ನು ದಿನದಿನಕ್ಕೂ ಗಟ್ಟಿಮಾಡುತ್ತಿರುತ್ತದೆ. ಮೋಸವೇನೆಂದರೆ, ಆ ಹೊತ್ತಿಗೆ ಕೂಸು ಚೆನ್ನಾಗಿ ಹಾಲು ಕುಡಿಯುತ್ತಿರುತ್ತದೆ, ನಗುತ್ತಿರುತ್ತದೆ, ಮೈಯೂ ತುಂಬಿಕೊಂಡಿರುತ್ತದೆ. ಇದಕ್ಕೆ ಕಾಯಿಲೆ ಇದೆಯೆಂದು ಯಾರೂ ನಂಬುವುದಿಲ್ಲ.

ಜಪಾನಿನ ಮೊರಿಯೊ ಕಸಾಯಿ ಎಂಬ ಶಸ್ತ್ರವೈದ್ಯರು ೧೯೫೯ರಲ್ಲಿ ಇದಕ್ಕೊಂದು ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ಮುಚ್ಚಿದ ನಾಳವನ್ನು ತೆಗೆದುಹಾಕಿ, ಕರುಳಿನ ಒಂದು ಭಾಗವನ್ನೇ ಲಿವರಿನ ಬಾಗಿಲಿಗೆ ಹೊಲಿದು ಪಿತ್ತಕ್ಕೆ ದಾರಿ ಮಾಡಿಕೊಡುವ ಕೆಲಸ ಅದು. ಕೂಸಿಗೆ ೬೦ ದಿನ ತುಂಬುವುದರೊಳಗೆ ಮಾಡಿದರೆ ಪಿತ್ತ ಹರಿಯುವ ಸಂಭವ ಹೆಚ್ಚು. ತಡವಾದಷ್ಟೂ ಅದು ಕಡಿಮೆಯಾಗುತ್ತದೆ. ಆಮೇಲೆ ಉಳಿಯುವ ದಾರಿ ಬೇರೆಯವರ ಲಿವರಿನ ತುಂಡನ್ನು ಜೋಡಿಸುವುದೊಂದೇ. ಅದರ ಖರ್ಚು, ಕಷ್ಟ ನಿಮಗೆ ಹೇಳಬೇಕಾಗಿಲ್ಲ. ಆಪರೇಷನ್ ಆದವರಲ್ಲಿಯೂ ಕೆಲವರಿಗೆ ಮುಂದೆ ಅದು ಬೇಕಾಗುತ್ತದೆಂಬುದನ್ನು ಮುಚ್ಚಿಡಬಾರದು. ಆದರೂ ಆ ವರ್ಷಗಳು ಮಗುವಿಗೆ ಸಿಕ್ಕ ವರ್ಷಗಳೇ.

ತೈವಾನ್ ದೇಶದಲ್ಲಿ ೨೦೦೪ರಿಂದ ಪ್ರತಿಯೊಬ್ಬ ಬಾಣಂತಿಗೂ ಮಲದ ಬಣ್ಣಗಳ ಚಿತ್ರವಿರುವ ಒಂದು ಕಾರ್ಡು ಕೊಡುತ್ತಾರೆ. ತಾಯಿ ಕೂಸಿನ ಮಲವನ್ನು ಚಿತ್ರದ ಪಕ್ಕ ಹಿಡಿದು ನೋಡುತ್ತಾಳೆ, ಬಣ್ಣ ಬಿಳಿಚಿದ್ದರೆ ಆಸ್ಪತ್ರೆಗೆ ತಿಳಿಸುತ್ತಾಳೆ. ಯಂತ್ರವಿಲ್ಲ, ರಕ್ತಪರೀಕ್ಷೆಯಿಲ್ಲ. ನಮ್ಮಲ್ಲಿ ಕಾರ್ಡು ಇಲ್ಲದಿದ್ದರೂ ಸಾಸಿವೆಯ ಬಣ್ಣವೂ ಸುಣ್ಣದ ಬಣ್ಣವೂ ಎಲ್ಲ ತಾಯಂದಿರಿಗೂ ಗೊತ್ತು.

ಇಲ್ಲಿ ಒಂದು ಕಠಿಣ ಮಾತು ಹೇಳಲೇಬೇಕಾಗಿದೆ. ಕಾಮಾಲೆಗೆಂದೋ ಹೊಟ್ಟೆ ಉಬ್ಬರಕ್ಕೆಂದೋ ಕಾಯಿಸಿದ ಕಬ್ಬಿಣದಿಂದ, ಬಳೆಯ ಚೂರಿನಿಂದ ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕುವ ಪದ್ಧತಿ ಕೆಲವು ಕಡೆ ಇನ್ನೂ ಹೋಗಿಲ್ಲ. ಮುಚ್ಚಿದ ಪಿತ್ತನಾಳ ಬರೆಯಿಂದ ತೆರೆಯದು, ತಿರುಚಿದ ಕರುಳು ಬಿಚ್ಚಿಕೊಳ್ಳದು. ಸುಟ್ಟ ಗಾಯದಿಂದ ನಂಜು ಒಳಗಿಳಿದು, ಆಪರೇಷನ್ನಿಗೆಂದು ಬಂದ ಕೂಸಿಗೆ ಆಪರೇಷನ್ನನ್ನೇ ಮಾಡಲಾಗದಂತಾಗುತ್ತದೆ. ಬರೆ ಹಾಕಿಸುವ ಅಜ್ಜಿಯರಿಗೆ ಮೊಮ್ಮಗುವಿನ ಮೇಲೆ ಪ್ರೀತಿ ಕಡಿಮೆಯೆಂದು ನಾವು ಹೇಳುವುದಿಲ್ಲ. ಅವರ ಕಾಲದಲ್ಲಿ ಹೋಗಲು ಬೇರೆ ಬಾಗಿಲು ಇರಲಿಲ್ಲ. ಈಗ ಇದೆ.

ಹಾಲು ಕುಡಿಯುವ ಮಕ್ಕಳ ಹೊಟ್ಟೆ

ಎರಡರಿಂದ ಎಂಟು ವಾರದ ಕೂಸು, ಅದರಲ್ಲಿಯೂ ಗಂಡುಕೂಸು, ಹಾಲು ಕುಡಿದೊಡನೆ ಮಾರು ದೂರ ಚಿಮ್ಮುವಂತೆ ವಾಂತಿ ಮಾಡಿ, ಮರುಕ್ಷಣವೇ ಹಸಿದು ಅಳುತ್ತಿದ್ದರೆ ಜಠರದ ಕೆಳಬಾಗಿಲಿನ ಸ್ನಾಯು ದಪ್ಪವಾಗಿರಬಹುದು. ಇಲ್ಲಿ ವಾಂತಿ ಹಸಿರಾಗಿರದೆ ಹಾಲಿನ ಬಣ್ಣದಲ್ಲೇ ಇರುತ್ತದೆ. ಆ ಸ್ನಾಯುವನ್ನು ಒಳಪದರ ಮುಟ್ಟದಂತೆ ಸೀಳಿಬಿಡುವ ಸಣ್ಣ ಆಪರೇಷನ್ನನ್ನು ಜರ್ಮನಿಯ ರಾಮ್‌ಸ್ಟೆಟ್ ಎಂಬವರು ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟರು. ಇಂದಿಗೂ ಅದೇ ನಡೆದಿದೆ.

ಇನ್ನೊಂದು ರೋಗ ಭೇದಿಯ ವೇಷದಲ್ಲಿ ಬರುತ್ತದೆ. ನಾಲ್ಕು ತಿಂಗಳಿಂದ ಒಂದು ವರ್ಷದವರೆಗಿನ ದುಂಡಗಿನ ಮಗು, ನಿನ್ನೆಯವರೆಗೆ ಆಡಿಕೊಂಡಿದ್ದುದು, ಇದ್ದಕ್ಕಿದ್ದಂತೆ ಕಾಲು ಮಡಚಿ ಕಿರಿಚುತ್ತದೆ, ಮುಖ ಬಿಳಿಚುತ್ತದೆ. ಎರಡು ನಿಮಿಷಕ್ಕೆ ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕಿರಿಚಾಟ. ಆಮೇಲೆ ವಾಂತಿ. ಕೊನೆಗೆ ಕೆಂಪು ಲೋಳೆಯಂಥ ಮಲ. ರಕ್ತಭೇದಿಯೆಂದು ಔಷಧಿ ಕೊಡುತ್ತ ಕುಳಿತರೆ ಕೆಟ್ಟಿತು. ಇಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ, ಅಂಗಿಯ ತೋಳು ಒಳಮಡಚಿಕೊಂಡ ಹಾಗೆ, ಸಿಕ್ಕಿಕೊಂಡಿರುತ್ತದೆ. ಬೇಗ ಬಂದರೆ ಬಹಳ ಮಕ್ಕಳಿಗೆ ಕತ್ತಿಯೇ ಬೇಡ. ಗುದದ್ವಾರದಿಂದ ಗಾಳಿಯನ್ನೋ ಉಪ್ಪುನೀರನ್ನೋ ಅಳತೆಯ ಒತ್ತಡದಲ್ಲಿ ಬಿಟ್ಟು, ಯಂತ್ರದಲ್ಲಿ ನೋಡುತ್ತ ಕರುಳನ್ನು ಹಿಂದಕ್ಕೆ ತಳ್ಳುತ್ತಾರೆ. ತಡವಾದರೆ ಸತ್ತ ಕರುಳನ್ನು ಕತ್ತರಿಸಬೇಕಾಗುತ್ತದೆ. ಶಸ್ತ್ರವೈದ್ಯರೆಂದರೆ ಕೊಯ್ಯುವವರೆಂದು ಹೆದರುವವರು ಇದನ್ನು ಗಮನಿಸಿರಿ. ಎಲ್ಲಿ ಕೊಯ್ಯಬಾರದೆಂಬುದೂ ಅವರ ಕಲಿಕೆಯ ಭಾಗವೇ. ಇಂಥ ಹೊಟ್ಟೆನೋವಿಗೆ ಹರಳೆಣ್ಣೆ ಕುಡಿಸಬೇಡಿರಿ.

ಕಾಯಬಹುದಾದದ್ದು, ಕಾಯಬಾರದ್ದು

ಮಹಿಳಾ ಮಂಡಲಗಳಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆ ಹೊಕ್ಕುಳಿನ ಉಬ್ಬಿನದು. ಅತ್ತಾಗ ಹೊಕ್ಕುಳು ನಿಂಬೆಹಣ್ಣಿನಂತೆ ಎದ್ದು ನಿಲ್ಲುತ್ತದೆ. ತಾಯಿ ಹೆದರುತ್ತಾಳೆ, ಅತ್ತೆ ರೂಪಾಯಿ ನಾಣ್ಯವಿಟ್ಟು ಬಟ್ಟೆ ಬಿಗಿಯುತ್ತಾಳೆ. ಎರಡೂ ಬೇಕಾಗಿಲ್ಲ. ಬಹಳ ಮಕ್ಕಳಲ್ಲಿ ನಾಲ್ಕೈದು ವರ್ಷವಾಗುವುದರೊಳಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನಾಣ್ಯದಿಂದ ಚರ್ಮ ಹುಣ್ಣಾಗುವುದೊಂದೇ ಲಾಭ!

ತೊಡೆಸಂದಿನ ಉಬ್ಬು ಹಾಗಲ್ಲ. ಅದು ಹರ್ನಿಯಾ. ಮಕ್ಕಳಲ್ಲಿ ಇದು ತಾನಾಗಿ ಹೋಗುವುದಿಲ್ಲ, ದೊಡ್ಡವನಾಗಲಿ ನೋಡೋಣ ಎಂದು ಬಿಡಬಾರದು. ಕೂಸು ಚಿಕ್ಕದಾದಷ್ಟೂ ಕರುಳು ಅಲ್ಲಿ ಸಿಕ್ಕಿಕೊಳ್ಳುವ ಭಯ ಹೆಚ್ಚು. ಉಬ್ಬು ಗಟ್ಟಿಯಾಗಿ ಒಳಹೋಗದೆ, ಮಗು ಅಳು ನಿಲ್ಲಿಸದೆ ವಾಂತಿ ಮಾಡಿದರೆ ಆ ಗಳಿಗೆಯಲ್ಲೇ ಹೊರಡಿರಿ. ಬೀಜದ ಚೀಲದಲ್ಲಿ ನೀರು ತುಂಬಿಕೊಂಡದ್ದಾದರೆ ಸಾಮಾನ್ಯವಾಗಿ ಎರಡು ವರ್ಷದವರೆಗೆ ಕಾಯಬಹುದು. ಹರ್ನಿಯಾವೋ ನೀರೋ ಎಂಬುದನ್ನು ಮಾತ್ರ ವೈದ್ಯರೇ ಹೇಳಬೇಕು.

ಗಂಡುಕೂಸಿಗೆ ಸ್ನಾನ ಮಾಡಿಸುವಾಗ ಎರಡು ಬೀಜಗಳೂ ಚೀಲದಲ್ಲಿವೆಯೇ ಎಂದು ಮುಟ್ಟಿ ನೋಡಿರಿ. ಬಿಸಿನೀರು ಬಿದ್ದಾಗ ಕೆಳಗಿಳಿದು ಚಳಿಯಾದಾಗ ಮೇಲೇರುವುದಾದರೆ ಚಿಂತೆಯಿಲ್ಲ. ಆರು ತಿಂಗಳಾದರೂ ಇಳಿಯದೇ ಇದ್ದರೆ ಮಕ್ಕಳ ಶಸ್ತ್ರವೈದ್ಯರಿಗೆ ತೋರಿಸಿರಿ. ಒಂದೂವರೆ ವರ್ಷದೊಳಗೆ ಅದನ್ನು ಇಳಿಸಿ ಕೂರಿಸಬೇಕು. ಹೊಟ್ಟೆಯ ಶಾಖದಲ್ಲಿ ಬೀಜ ಕೆಡುತ್ತದೆ, ಮುಂದೆ ಸಂತಾನಕ್ಕೆ ತೊಂದರೆ, ಗಂಟು ಬೆಳೆಯುವ ಭಯವೂ ಉಂಟು. ಮದುವೆಯ ವಯಸ್ಸಿಗೆ ಬಂದ ಮೇಲೆ ಗುಟ್ಟಾಗಿ ಓಡಾಡುವುದಕ್ಕಿಂತ ತೊಟ್ಟಿಲಲ್ಲಿರುವಾಗ ತೋರಿಸುವುದು ಮೇಲು.

ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಬದಿಯಲ್ಲಿದ್ದರೆ ಅದಕ್ಕೂ ಆಪರೇಷನ್ ಇದೆ. ಅಂಥ ಮಗುವಿಗೆ ಸುನ್ನತಿ ಮಾಡಿಸುವ ಪದ್ಧತಿಯ ಮನೆಯವರು ಮೊದಲು ಶಸ್ತ್ರವೈದ್ಯರನ್ನು ಕಾಣಬೇಕು, ಏಕೆಂದರೆ ಆ ಮುಂದೊಗಲೇ ರಿಪೇರಿಗೆ ಬೇಕಾಗಬಹುದು. ಗಂಡುಮಗುವಿನ ಮೂತ್ರ ಧಾರೆಯಾಗಿ ಬಾರದೆ ಹನಿಹನಿಯಾಗಿ ತೊಟ್ಟಿಕ್ಕುತ್ತಿದ್ದರೂ ತಡಮಾಡಬಾರದು. ಒಳಗಿನ ಅಡ್ಡಿಯಿಂದ ಮೂತ್ರಪಿಂಡ ಸದ್ದಿಲ್ಲದೆ ಹಾಳಾಗುತ್ತಿರಬಹುದು.

ಹನ್ನೆರಡು ಹದಿನಾಲ್ಕು ವರ್ಷದ ಹುಡುಗರ ವಿಷಯ ಒಂದುಂಟು. ಬೀಜದಲ್ಲಿ ಇದ್ದಕ್ಕಿದ್ದಂತೆ ಜೋರಾಗಿ ನೋವು ಬಂದರೆ ಅದು ತಿರುಚಿಕೊಂಡಿರಬಹುದು. ಉಳಿಸಿಕೊಳ್ಳಲು ಇರುವ ಹೊತ್ತು ಸುಮಾರು ಆರು ಗಂಟೆ ಮಾತ್ರ. ಹುಡುಗ ನಾಚಿಕೊಂಡು ಹೊಟ್ಟೆನೋವು ಎನ್ನುತ್ತಾನೆ. ತಂದೆಯಾದವರು ಮೊದಲೇ ಒಂದು ದಿನ ಕೂರಿಸಿಕೊಂಡು ಈ ಮಾತನ್ನು ಹೇಳಿಟ್ಟಿರಬೇಕು.

ಐದು ವರ್ಷದೊಳಗಿನ ಮಗುವಿಗೆ ಎಣ್ಣೆ ಹಚ್ಚುವಾಗ ಹೊಟ್ಟೆಯ ಒಂದು ಬದಿಯಲ್ಲಿ ನೋವಿಲ್ಲದ ಗಟ್ಟಿ ಗಡ್ಡೆ ಕೈಗೆ ಸಿಕ್ಕಿದರೆ ಹಿಸುಕಿ ನೋಡುತ್ತ ಕೂರಬೇಡಿರಿ. ಮೂತ್ರಪಿಂಡದ ಕ್ಯಾನ್ಸರ್ ಇರಬಹುದು. ಕ್ಯಾನ್ಸರ್ ಎಂದೊಡನೆ ಕೈಚೆಲ್ಲಬೇಡಿರಿ. ಮಕ್ಕಳ ಈ ಗಡ್ಡೆ ಆಪರೇಷನ್ನಿಗೂ ಔಷಧಿಗೂ ಚೆನ್ನಾಗಿ ಬಗ್ಗುತ್ತದೆ. ಒಳ್ಳೆಯ ಸೌಕರ್ಯವಿರುವ ಕಡೆ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುತ್ತಾರೆ.

ನುಂಗಿದ ವಸ್ತುಗಳಲ್ಲಿ ನಾಣ್ಯಕ್ಕಿಂತ ಆಟಿಕೆಯ ಗುಂಡಿಯಂಥ ಚಪ್ಪಟೆ ಬ್ಯಾಟರಿ ಬಹಳ ಕೇಡಿನದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡತೊಡಗುತ್ತದೆ. ಕಡಲೆಕಾಯಿ ಸುಗ್ಗಿಯಲ್ಲಿ ಪುಟ್ಟ ಮಕ್ಕಳ ಕೈಗೆ ಬೀಜ ಕೊಡಬೇಡಿರಿ, ನಗುವಾಗ ಅದು ಉಸಿರಿನ ದಾರಿಗೆ ಹೋಗುತ್ತದೆ. ಕಕ್ಕಸು ತೊಳೆಯುವ ಆಸಿಡ್ ಕುಡಿದ ಮಗುವಿಗೆ ವಾಂತಿ ಮಾಡಿಸಬೇಡಿರಿ. ಬಂದ ದಾರಿಯಲ್ಲೇ ಅದು ಎರಡನೆಯ ಸಲ ಸುಡುತ್ತದೆ.

ಮಕ್ಕಳ ಶಸ್ತ್ರವೈದ್ಯರು ಎಲ್ಲವನ್ನೂ ಮಾಡುವವರಲ್ಲ. ಸೊಟ್ಟ ಪಾದ, ಮುರಿದ ಮೂಳೆ ಮೂಳೆಯ ವೈದ್ಯರ ಕೆಲಸ. ಸೀಳುತುಟಿಯನ್ನು ಹೆಚ್ಚಾಗಿ ಪ್ಲಾಸ್ಟಿಕ್ ಸರ್ಜನ್ ಸರಿಮಾಡುತ್ತಾರೆ. ಅದಕ್ಕೂ ಗ್ರಹಣಕ್ಕೂ ಸಂಬಂಧವಿಲ್ಲ. ಹೃದಯಕ್ಕೆ ಬೇರೆ, ಕಣ್ಣಿಗೆ ಬೇರೆ. ಯಾರ ಬಳಿಗೆಂದು ತಿಳಿಯದಿದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನು ಕೇಳಿರಿ. ೨೦೧೩ರಲ್ಲಿ ಆರಂಭವಾದ ಈ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರುತ್ತಾರೆ. ಅವರು ಬರುವ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯಬೇಡಿರಿ.

ಹೊರಡುವಾಗ, ತಲುಪಿದ ಮೇಲೆ

ಎಳೆಗೂಸನ್ನು ಒಯ್ಯುವಾಗ ತಾಯಿಯ ಅಥವಾ ತಂದೆಯ ಎದೆಗೆ ಬರಿಮೈ ತಾಗುವಂತೆ ಅಪ್ಪಿಕೊಂಡು ಮೇಲೆ ಕಂಬಳಿ ಹೊದೆಸಿರಿ. ತಲೆಗೆ ಕುಲಾವಿ ಇರಲಿ. ದಾರಿಯಲ್ಲಿ ತಣ್ಣಗಾದ ಕೂಸಿಗೆ ಆಪರೇಷನ್ನಿಗಿಂತ ಮೊದಲು ಶಾಖ ಕೊಡುವುದರಲ್ಲೇ ಹೊತ್ತು ಕಳೆಯುತ್ತದೆ. ಹಸಿರು ವಾಂತಿ ಇದ್ದರೆ ಹಾಲು ಕೊಡಬೇಡಿರಿ. ಹೆರಿಗೆಯ ಕಾಗದ, ತಾಯಿ ಕಾರ್ಡು, ರೇಷನ್ ಕಾರ್ಡು, ಆಧಾರ್ ಇವುಗಳನ್ನು ಒಂದು ಚೀಲದಲ್ಲಿ ಇಟ್ಟಿರಿ. ಕಳುಹಿಸುವ ಆಸ್ಪತ್ರೆಯವರಿಂದ ಒಂದು ಚೀಟಿ ಬರೆಸಿಕೊಳ್ಳಿರಿ, ಮುಂದಿನ ಆಸ್ಪತ್ರೆಗೆ ಫೋನು ಮಾಡಿಸಿರಿ.

ಆಪರೇಷನ್ನಿನ ದಿನ ಇಷ್ಟು ಗಂಟೆಯಿಂದ ಏನೂ ಕೊಡಬೇಡಿ ಎಂದು ಹೇಳುತ್ತಾರೆ. ಸಾಮಾನ್ಯವಾಗಿ ಅನ್ನ ತಿಂಡಿಗೆ ಆರು ಗಂಟೆ, ಎದೆಹಾಲಿಗೆ ನಾಲ್ಕು ಗಂಟೆ. ಮಗು ಹಸಿದು ಅಳುವುದನ್ನು ನೋಡಲಾರದೆ ಮನೆಯ ಹಿರಿಯರು ಮರೆಯಲ್ಲಿ ಒಂದು ಬಿಸ್ಕತ್ತು ಕೊಟ್ಟುಬಿಡುತ್ತಾರೆ. ಅರಿವಳಿಕೆಯಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೇ ಅಪಾಯ. ಕೊಟ್ಟೇಬಿಟ್ಟಿದ್ದರೆ ಬಯ್ಯುತ್ತಾರೆಂದು ಮುಚ್ಚಿಡಬೇಡಿರಿ, ವೈದ್ಯರಿಗೆ ಹೇಳಿಬಿಡಿರಿ. ಆಪರೇಷನ್ನನ್ನು ಮುಂದಕ್ಕೆ ಹಾಕುತ್ತಾರೆ, ಅಷ್ಟೆ.

ಮನೆಗೆ ಹೊರಡುವ ದಿನ ವೈದ್ಯರನ್ನು ಎರಡು ಮಾತು ಕೇಳಿರಿ. ಯಾವ ಲಕ್ಷಣ ಕಂಡರೆ ತಾರೀಖಿಗೆ ಮುಂಚೆಯೇ ಬರಬೇಕು, ಮತ್ತು ಮುಂದಿನ ತಾರೀಖು ಯಾವುದು. ಎರಡನ್ನೂ ತಾಯಿ ಕಾರ್ಡಿನ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆಸಿಕೊಂಡು, ಊರಿಗೆ ಬಂದೊಡನೆ ನಿಮ್ಮ ಆಶಾ ಕಾರ್ಯಕರ್ತೆಗೆ ತೋರಿಸಿರಿ.